ಚಾವಡಿಯ ಯಜಮಾನನ ಪಾಲು
(ವಿಶ್ವ ಮಿಷನ್ ಭಾನುವಾರದ ಚಿಂತನೆ)



ಜಗದ್ಗುರು ಹನ್ನೊಂದನೇ ಪಯಸ್‌ರವರು 1926ರಲ್ಲಿ ವಿಶ್ವ ಮಿಷನ್ ಭಾನುವಾರದ ಆಚರಣೆಯನ್ನು ಆರಂಭಿಸಿದರು. ಆ ದಿನ ನಾವು ಕಾಣಿಕೆ ಹಾಕುತ್ತೇವೆ, ದೂರದೇಶದ ಮಿಷನರಿಗಳಿಗಾಗಿ ಪ್ರಾರ್ಥಿಸುತ್ತೇವೆ. ಅಲ್ಲಿಗೆ ನಮ್ಮ ಪಾಲು ಮುಗಿಯಿತೇ?

ಸಂತ ಲೂಕನ ಶುಭಸಂದೇಶದ ಒಳ್ಳೆಯ ಸಮಾರಿಯದವನ ಸಾಮತಿಯನ್ನು ನೆನೆಯಿರಿ. ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಎತ್ತಿದವನು ಪರದೇಶದವನು. ಅವನು ಗಾಯ ಕಟ್ಟಿದ, ಚಾವಡಿಗೆ ತಂದ, ಎರಡು ನಾಣ್ಯ ಕೊಟ್ಟು ಮುಂದೆ ಹೊರಟ. ರೋಗಿಯ ಮುಂದಿನ ಆರೈಕೆಯೆಲ್ಲ ಆ ಊರಿನ ಚಾವಡಿಯ ಯಜಮಾನನ ಪಾಲಿಗೆ ಬಂತು. ಅವನ ಹೆಸರನ್ನು ಯಾರೂ ಹೇಳುವುದಿಲ್ಲ. ಆದರೆ ಅವನು ಬಾಗಿಲು ಹಾಕಿಕೊಂಡಿದ್ದರೆ ಸಮಾರಿಯದವನ ಕರುಣೆ ಅರ್ಧಕ್ಕೇ ನಿಲ್ಲುತ್ತಿತ್ತು. ನಮ್ಮ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಸೀಮೆಗೂ ಪರದೇಶದವರು ಬಂದರು, ಹೋದರು. ಈಗ ಚಾವಡಿ ನಮ್ಮ ಕೈಯಲ್ಲಿದೆ.

18ನೇ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಯೇಸುಸಭೆಯ ಗುರುಗಳು ಪುದುಚೇರಿಯಿಂದ ತೆಲುಗು ಸೀಮೆಯ ಮೂಲಕ ಈ ಕಡೆಗೆ ಬಂದರು. ಅವರಲ್ಲೊಬ್ಬರಾದ ಫಾದರ್ ಲೆ ಗ್ಯಾಕ್ 'ಚಿನ್ನಬಳ್ಳಾಪುರ'ದಿಂದ ಬರೆದ ಪತ್ರ ಫ್ರಾನ್ಸಿನಲ್ಲಿ ಅಚ್ಚಾಯಿತು. 'ಚಿನ್ನ' ಎಂದರೆ ತೆಲುಗಿನಲ್ಲಿ ಚಿಕ್ಕದು. ಇಂದಿಗೂ ನಮ್ಮ ಮನೆಗಳಲ್ಲಿ ಕನ್ನಡದ ಜೊತೆ ತೆಲುಗನ್ನೂ ಆಡುವ ನಮಗೆ ಆ ಹೆಸರು ಹೊಸದೇನಲ್ಲ. ಆ ಗುರುಗಳು ಕಾವಿ ತೊಟ್ಟರು, ಮಾಂಸ ಬಿಟ್ಟರು, ಜನರ ಭಾಷೆ ಕಲಿತರು. ಕಲಿಸಲು ಬಂದವರು ಮೊದಲು ಕಲಿಯುವವರಾದರು. 1773ರಲ್ಲಿ ಯೇಸುಸಭೆಯೇ ರದ್ದಾದಾಗ ಆ ಕೆಲಸ ಪ್ಯಾರಿಸ್ ವಿದೇಶಿ ಮಿಷನ್ ಸಂಸ್ಥೆಯ ಗುರುಗಳ ಪಾಲಿಗೆ ಬಂತು.

ಆ ಸಂಸ್ಥೆಯ ಫಾದರ್ ದ್ಯುಬುವಾ 1792ರಿಂದ 1823ರವರೆಗೆ ಭಾರತದಲ್ಲಿದ್ದರು. ಅದರಲ್ಲಿ ಬಹುಕಾಲ ಕಳೆದದ್ದು ಮೈಸೂರು ಸೀಮೆಯಲ್ಲಿ. ಸಿಡುಬು ಊರೂರನ್ನೇ ಬರಿದು ಮಾಡುತ್ತಿದ್ದ ಕಾಲವದು. ಜೆನ್ನರ್ ಕಂಡುಹಿಡಿದ ಲಸಿಕೆ 1802ರಲ್ಲಿ ಮುಂಬಯಿಗೆ ಬಂದಿತ್ತು. ತಣ್ಣಗಿಡುವ ಪೆಟ್ಟಿಗೆಗಳಿಲ್ಲದ ಆ ದಿನಗಳಲ್ಲಿ ಅದನ್ನು ಒಂದು ಮಗುವಿನ ತೋಳಿನಿಂದ ಇನ್ನೊಂದು ಮಗುವಿನ ತೋಳಿಗೆ ದಾಟಿಸುತ್ತ ಊರಿಂದೂರಿಗೆ ಒಯ್ಯಬೇಕಾಗಿತ್ತು. ಜನ ಹೆದರಿ ಓಡುತ್ತಿದ್ದರು. ಫಾದರ್ ದ್ಯುಬುವಾ ಈ ಕೆಲಸಕ್ಕೆ ಕೈಹಾಕಿದರು. 1803-04ರ ಅವಧಿಯಲ್ಲಿ 25,000ಕ್ಕೂ ಹೆಚ್ಚು ಜನರಿಗೆ ಲಸಿಕೆಯಾಯಿತು. ಅಷ್ಟೂ ಜನ ಕ್ರೈಸ್ತರಾಗಿದ್ದರೇ? ಖಂಡಿತ ಇಲ್ಲ. ಸಿಡುಬು ಜಾತಿಮತ ಕೇಳುವುದಿಲ್ಲ, ಪ್ರೀತಿಯೂ ಕೇಳಬಾರದು.

ಇನ್ನು ನಮ್ಮ ಕಣ್ಣೆದುರಿಗೇ ಇರುವ ಸಾಕ್ಷಿ. ಚಿಕ್ಕಬಳ್ಳಾಪುರದ ಸಿ.ಎಸ್.ಐ. ಆಸ್ಪತ್ರೆ ನಮ್ಮ ಪ್ರೊಟೆಸ್ಟೆಂಟ್ ಸಹೋದರರದು. 1913ರಲ್ಲಿ ಲಂಡನ್ ಮಿಷನ್‌ನವರು ಅದನ್ನು ಸ್ಥಾಪಿಸಿ, ತಮ್ಮ ಕಾರ್ಯದರ್ಶಿ ವಾರ್ಡ್‌ಲಾ ಥಾಮ್ಸನ್‌ರವರ ಹೆಸರಿಟ್ಟರು. ಅವರು ಹುಟ್ಟಿದ್ದು ನಮ್ಮ ಬಳ್ಳಾರಿಯಲ್ಲಿ. ಕಡಪ ಜಿಲ್ಲೆಯ ಜಮ್ಮಲಮಡುಗಿನಲ್ಲಿ ಆಸ್ಪತ್ರೆ ಕಟ್ಟಿದ್ದ ಡಾಕ್ಟರ್ ಕ್ಯಾಂಪ್‌ಬೆಲ್ ಇಲ್ಲಿಯೂ ದುಡಿದರು. 1947ರಲ್ಲಿ ದೇಶ ಸ್ವತಂತ್ರವಾಯಿತು. ಅದೇ ವರ್ಷ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ಉದಯಿಸಿತು. ಲಂಡನ್ನಿನವರ ಆಸ್ಪತ್ರೆ ಇಲ್ಲಿಯವರದಾಯಿತು. ಈ ಊರಿನ ಎಷ್ಟೋ ಕತೋಲಿಕ ಮನೆಗಳ ಮಕ್ಕಳು ಅಲ್ಲಿ ಹುಟ್ಟಿದ್ದಾರೆ. ಒಳ್ಳೆಯ ಸಮಾರಿಯದವನೂ ಕೇಳುಗರ ಪಂಗಡದವನಾಗಿರಲಿಲ್ಲ ಎಂಬುದನ್ನು ಮರೆಯದಿರೋಣ.

ನಮ್ಮ ಧರ್ಮಸಭೆಯ ಕಥೆಯೂ ಇದೇ ದಾರಿಯದು. ಫ್ರಾನ್ಸಿನಿಂದ ಬಂದ ಗುಡ್ ಶೆಫರ್ಡ್ ಭಗಿನಿಯರು 1886ರಲ್ಲಿ ಬೆಂಗಳೂರಿನ ಸೇಂಟ್ ಮಾರ್ಥಾಸ್ ಆಸ್ಪತ್ರೆ ತೆರೆದರು. 1963ರಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಆರಂಭವಾದಾಗ, ಕಟ್ಟಿದವರು ಭಾರತದ ಬಿಷಪರುಗಳೇ. 1940ರಲ್ಲಿ ಬೆಂಗಳೂರು ಧರ್ಮಕ್ಷೇತ್ರವಾದಾಗ ಅದರ ಬಿಷಪರು ಫ್ರೆಂಚರು. ಎರಡೇ ವರ್ಷಗಳಲ್ಲಿ ಆ ಪೀಠಕ್ಕೆ ಭಾರತೀಯರಾದ ಥಾಮಸ್ ಪೋತಕಮೂರಿಯವರು ನೇಮಕಗೊಂಡರು.

ಪಡೆದವರು ಕೊಡುವವರೂ ಆದರು. ಗೋವೆಯಲ್ಲಿ ಹುಟ್ಟಿ, ಕನ್ನಡ ಕರಾವಳಿಯಲ್ಲಿ ಸೇವೆ ಮಾಡಿದ ಸಂತ ಜೋಸೆಫ್ ವಾಜ್ 1687ರಲ್ಲಿ ಶ್ರೀಲಂಕೆಗೆ ಹೋದರು. ಅವರ ಬೆನ್ನಿಗೆ ಯಾವ ಯೂರೋಪಿನ ಹಣವೂ ಇರಲಿಲ್ಲ. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹರಡಿದಾಗ ಸ್ವಂತದವರೇ ಬಿಟ್ಟುಹೋದ ರೋಗಿಗಳನ್ನು ಅವರು ತಮ್ಮ ಕೈಯಾರೆ ನೋಡಿಕೊಂಡರು. 2015ರ ಜನವರಿ 14ರಂದು ಜಗದ್ಗುರು ಫ್ರಾನ್ಸಿಸ್‌ರವರು ಕೊಲಂಬೋದಲ್ಲಿ ಅವರನ್ನು ಸಂತರೆಂದು ಸಾರಿದರು.

ಪ್ರಿಯರೇ, ಹೊರಗಿನ ಹಣದಿಂದ ಕಟ್ಟಡ ಏಳಬಹುದು. ಪಕ್ಕದ ಮನೆಯ ರೋಗಿಯ ಬಳಿ ರಾತ್ರಿ ಕೂರಲು ಪಕ್ಕದ ಮನೆಯವರೇ ಬೇಕು. ಇಂದು ನಮ್ಮ ಜಿಲ್ಲೆಯ ಗಾಯಗಳು ಬೇರೆ. ಅಂತರ್ಜಲ ಪಾತಾಳಕ್ಕಿಳಿದಿದೆ. ಅನೇಕ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಅದು ಮಕ್ಕಳ ಹಲ್ಲನ್ನು ಕಲೆಗಟ್ಟಿಸುತ್ತದೆ, ದೊಡ್ಡವರ ಕೀಲುಗಳನ್ನು ಬಿಗಿಯುತ್ತದೆ. ಶಿಡ್ಲಘಟ್ಟದ ರೇಷ್ಮೆ ಬಿಚ್ಚುವ ಮನೆಗಳಲ್ಲಿ ಕುದಿನೀರಿನ ಹಬೆಯ ನಡುವೆ ದುಡಿಯುವವರ ಕೈಗಳನ್ನು, ಉಸಿರನ್ನು ನೋಡಿ. ಮಕ್ಕಳು ಬೆಂಗಳೂರಿಗೋ ಕೊಲ್ಲಿ ದೇಶಕ್ಕೋ ಹೋದ ಮೇಲೆ ಒಂಟಿಯಾದ ವೃದ್ಧರನ್ನು ನೋಡಿ.

ಇದಕ್ಕೆ ಮೂರು ಸಣ್ಣ ಕೆಲಸಗಳಿಂದ ತೊಡಗೋಣ. ನಮ್ಮ ಕಿರು ಕ್ರೈಸ್ತ ಸಮುದಾಯಗಳು ತಮ್ಮ ಬೀದಿಯ ರೋಗಿಗಳ ಪಟ್ಟಿ ಮಾಡಲಿ, ಮತ ನೋಡದೆ. ಆಸ್ಪತ್ರೆಗೆ ಒಂಟಿಯಾಗಿ ಹೋಗಲಾರದವರ ಜೊತೆ ಒಬ್ಬರು ಹೋಗಲಿ. ಮನೆಯಲ್ಲಿ ನರ್ಸ್ ಇದ್ದರೆ ತಿಂಗಳಿಗೊಂದು ಭಾನುವಾರ ಬಲಿಪೂಜೆಯ ನಂತರ ಒಂದು ಗಂಟೆ ಕೊಡಲಿ. ಪ್ರತಿಯಾಗಿ ಏನನ್ನೂ, ಯಾರ ನಂಬಿಕೆಯನ್ನೂ ಕೇಳಬೇಡಿ. ಷರತ್ತು ಹಾಕಿದ ಸೇವೆ ವ್ಯಾಪಾರವಾಗುತ್ತದೆ. ಅದು ನಮ್ಮ ಸ್ವಾಮಿಗೆ ಬೇಡ, ನೆರೆಯವರಿಗೂ ಬೇಡ.

ಸಮಾರಿಯದವನು ಹಿಂದಿರುಗಿ ಬರುವೆನೆಂದು ಹೇಳಿಯೇ ಹೋಗಿದ್ದಾನೆ. ಬಂದಾಗ ಅವನು ಮೊದಲು ವಿಚಾರಿಸುವುದು ಆ ಗಾಯಾಳುವನ್ನು. ಅವನಿಗೆ ಸಮಾಧಾನದ ಉತ್ತರ ಕೊಡುವ ಕೃಪೆಯನ್ನು ದೇವರು ನಮ್ಮ ಪ್ರತಿಯೊಂದು ಕುಟುಂಬಕ್ಕೂ ದಯಪಾಲಿಸಲಿ. ಆಮೆನ್.