ಕೆಚಪ್‌ಗೆ ಸೇರಿದ ಬೆಂಜೊಯೇಟ್

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಬಹಳಷ್ಟು ಟೊಮೆಟೊ ಕೆಚಪ್, ಡಬ್ಬಿಗೆ ಹಣ್ಣು ತುಂಬುವ ಕಾರ್ಖಾನೆಗಳಲ್ಲಿ ಮಿಕ್ಕ ಸಿಪ್ಪೆ, ತೊಟ್ಟಿನ ಭಾಗ ಮತ್ತು ಬಲಿಯದ ಕಾಯಿಗಳಿಂದ ತಯಾರಾಗುತ್ತಿತ್ತು. ಪೀಪಾಯಿಗಳಲ್ಲಿ ಕೂಡಿಟ್ಟ ಈ ತಿರುಳು ಬೇಗನೆ ಹುಳಿತು ನೊರೆಯೇಳುತ್ತಿದ್ದುದರಿಂದ, ಅದನ್ನು ತಡೆಯಲು ಸೋಡಿಯಂ ಬೆಂಜೊಯೇಟನ್ನೂ, ಮಾಸಿದ ಬಣ್ಣವನ್ನು ಮರೆಮಾಡಲು ಕಲ್ಲಿದ್ದಲಿನ ಡಾಂಬರಿನಿಂದ ಪಡೆದ ಕೃತಕ ಕೆಂಪನ್ನೂ ಬೆರೆಸುವುದು ರೂಢಿಯಾಯಿತು.

ಬೆಂಜೊಯೇಟ್ ಒಂದು ಸಂರಕ್ಷಕ, ಎಂದರೆ ಸೂಕ್ಷ್ಮಜೀವಿಗಳ ಬೆಳವಣಿಗೆಯನ್ನು ತಡೆದು ಆಹಾರ ಕೆಡದಂತೆ ಕಾಯುವ ವಸ್ತು. ಹುಳಿ ಪದಾರ್ಥಗಳಲ್ಲಿ ಅದು ಬೆಂಜೊಯಿಕ್ ಆಮ್ಲದ ರೂಪ ತಾಳಿ, ಯೀಸ್ಟ್ ಮತ್ತು ಬೂಷ್ಟಿನ ಜೀವಕೋಶಗಳೊಳಗೆ ನುಸುಳಿ ಅವುಗಳ ಚಟುವಟಿಕೆಯನ್ನು ಕುಗ್ಗಿಸುತ್ತದೆ. ಮನೆಗಳಲ್ಲಿ ವಿದ್ಯುತ್ ಶೀತಕಗಳಿಲ್ಲದ ಆ ಕಾಲದಲ್ಲಿ, ತೆರೆದ ಬಾಟಲಿಯ ಕೆಚಪ್ ಬಹುದಿನ ಬಾಳಬೇಕೆಂಬ ತಯಾರಕರ ಬಯಕೆ ಸಹಜವೇ ಆಗಿತ್ತು. ಆದರೆ ಅದೇ ಪುಡಿ ಕಳಪೆ ಹಣ್ಣನ್ನೂ ಮಾರಾಟಯೋಗ್ಯವಾಗಿಸಿತೆಂಬುದನ್ನು ಮರೆಯಲಾಗದು.

ಅಮೆರಿಕದ ಕೃಷಿ ಇಲಾಖೆಯ ಮುಖ್ಯ ರಸಾಯನಶಾಸ್ತ್ರಜ್ಞ ಹಾರ್ವಿ ವೈಲಿ, 1902ರಿಂದ ಸ್ವಯಂಸೇವಕರಾಗಿ ಬಂದ ಯುವಕರಿಗೆ ಬೋರಾಕ್ಸ್, ಸ್ಯಾಲಿಸಿಲಿಕ್ ಆಮ್ಲ, ಬೆಂಜೊಯೇಟ್, ಫಾರ್ಮಾಲ್ಡಿಹೈಡ್ ಮೊದಲಾದವನ್ನು ಊಟದೊಡನೆ ಕೊಟ್ಟು ಪರಿಣಾಮಗಳನ್ನು ದಾಖಲಿಸಿದನು. ಹೋಲಿಕೆಗಾಗಿ ಅವನ್ನು ಸೇವಿಸದ ಪ್ರತ್ಯೇಕ ಗುಂಪು ಇರಲಿಲ್ಲವೆಂಬುದು ಈ ಪ್ರಯೋಗದ ನಿಜವಾದ ಕೊರತೆಯಾದರೂ, ಇದರಿಂದ ಎದ್ದ ಜನಾಭಿಪ್ರಾಯವು 1906ರ ಶುದ್ಧ ಆಹಾರ ಮತ್ತು ಔಷಧ ಕಾಯಿದೆಗೆ ಬಲ ನೀಡಿತು.

ಪಿಟ್ಸ್‌ಬರ್ಗ್‌ನ ಹೈಂಜ್ ಕಂಪನಿಯು ಆ ಕಾಯಿದೆಯನ್ನು ಬೆಂಬಲಿಸಿದ್ದಲ್ಲದೆ, ಚೆನ್ನಾಗಿ ಮಾಗಿದ ಹಣ್ಣು, ಹೆಚ್ಚು ವಿನೆಗರ್ ಮತ್ತು ಹೆಚ್ಚು ಸಕ್ಕರೆ ಬಳಸಿ, ಬೆಂಜೊಯೇಟ್ ಇಲ್ಲದೆಯೇ ಕೆಡದ ಕೆಚಪ್ಪನ್ನು ಮಾರುಕಟ್ಟೆಗೆ ತಂದಿತು. ಅದರ ಬೆಲೆ ಹೆಚ್ಚಿತ್ತು, ರುಚಿಯೂ ಹಿಂದಿಗಿಂತ ಸಿಹಿಯಾಯಿತು. ಇಂದು ಕೆಚಪ್‌ನ ಸಹಜ ರುಚಿಯೆಂದು ಭಾವಿಸಲಾಗುವ ದಟ್ಟ ಸಿಹಿಹುಳಿ, ಸಕ್ಕರೆಗೂ ವಿನೆಗರಿಗೂ ಸಂರಕ್ಷಕದ ಕೆಲಸ ವಹಿಸಿದ್ದರ ಫಲ.

ಆದರೆ ಅಧ್ಯಕ್ಷ ರೂಸ್‌ವೆಲ್ಟ್ ನೇಮಿಸಿದ, ಐರಾ ರೆಮ್ಸನ್ ನೇತೃತ್ವದ ವಿಜ್ಞಾನಿಗಳ ಮಂಡಳಿಯು ಅಲ್ಪ ಪ್ರಮಾಣದ ಬೆಂಜೊಯೇಟ್ ನಿರಪಾಯಕಾರಿ ಎಂದು 1909ರಲ್ಲಿ ವರದಿ ನೀಡಿತು. ವೈಲಿ 1912ರಲ್ಲಿ ಹುದ್ದೆ ತೊರೆದನು. ಆ ವಸ್ತುವಿನ ಮಟ್ಟಿಗೆ ಮಂಡಳಿಯ ತೀರ್ಮಾನವೇ ಉಳಿದುಬಂದಿದೆ. ಹಾಗಿದ್ದರೂ, ಸಂರಕ್ಷಕವು ಯಾವ ಬಗೆಯ ಕಚ್ಚಾವಸ್ತುವಿಗೆ ರಕ್ಷಣೆಯಾಗುತ್ತಿದೆ ಎಂಬ ವೈಲಿಯ ಆತಂಕ ಆಧಾರವಿಲ್ಲದ್ದಾಗಿರಲಿಲ್ಲ. ಭಾರತದಲ್ಲಿಯೂ ಬೆಂಜೊಯೇಟ್ ಬಳಕೆಗೆ ಮಿತಿಗೊಳಪಟ್ಟ ಅನುಮತಿಯಿದ್ದು, ಪೊಟ್ಟಣದ ಮೇಲೆ ಅದು ಐಎನ್ಎಸ್ 211 ಎಂಬ ಸಂಖ್ಯೆಯಿಂದ ನಮೂದಾಗುತ್ತದೆ.