ಕೆರೆ ಮತ್ತು ಸೆರೆ: ತಡೆಹಿಡಿಯುವ ಪದಗಳ ಚರಿತ್ರೆ

ವಿಜಯನಗರದ ಒಂದನೆಯ ದೇವರಾಯನ ಕಾಲಕ್ಕೆ, ಅಂದರೆ 15ನೆಯ ಶತಮಾನದ ಆರಂಭಕ್ಕೆ ಸೇರಿದ ಲಕ್ಷ್ಮೀಧರಾಮಾತ್ಯನ ಹಂಪೆಯ ಶಾಸನದಲ್ಲಿ ಕನ್ನಡ ವಿದ್ಯಾರ್ಥಿಗಳೆಲ್ಲ ಬಲ್ಲ ಒಂದು ಮತ್ತೇಭವಿಕ್ರೀಡಿತ ವೃತ್ತವಿದೆ. ಹಾಲೆರೆಯುವ ಹೊತ್ತಿನಲ್ಲಿಯೇ ತಾಯಿ ಮಗುವಿನ ಕಿವಿಗೆ ಮುಂದಿನ ಬಾಳಿನ ಕರ್ತವ್ಯಗಳನ್ನೂ ಎರೆದಳೆಂಬುದು ಅದರ ಸಾರ. ಕೆರೆಯನ್ನು ಕಟ್ಟಿಸುವುದು ಮೊದಲ ಕರ್ತವ್ಯ. ಸೆರೆಯಲ್ಲಿ ಸಿಲುಕಿದ ಅನಾಥರನ್ನು ಬಿಡಿಸುವುದು ಎರಡನೆಯ ಪಾದದ ಆರಂಭದಲ್ಲಿ ಬರುವ ಕರ್ತವ್ಯ. ಪಾಠ ಹೇಳುವವರು ಸಾಮಾನ್ಯವಾಗಿ ಈ ಪದ್ಯದ ಲೋಕೋಪಕಾರದ ಆಶಯವನ್ನು ವಿವರಿಸಿ ಮುಂದೆ ಸಾಗುತ್ತಾರೆ. ಪ್ರಾಸಸ್ಥಾನದಲ್ಲಿ ಎದುರುಬದುರಾಗಿ ನಿಂತಿರುವ ‘ಕೆರೆ’, ‘ಸೆರೆ’ ಎಂಬ ಎರಡು ಪದಗಳು ಕೇವಲ ಪ್ರಾಸಕ್ಕಾಗಿ ಕೂಡಿದವಲ್ಲ, ಹುಟ್ಟಿನಿಂದಲೇ ಒಡಹುಟ್ಟುಗಳು ಎಂಬ ಸಂಗತಿ ಅಷ್ಟಾಗಿ ಗಮನಕ್ಕೆ ಬಂದಂತಿಲ್ಲ.

ಹಳಗನ್ನಡದಲ್ಲಿ ಇವೆರಡನ್ನೂ ಶಕಟರೇಫೆಯಿಂದ ಬರೆಯಲಾಗುತ್ತಿತ್ತು: ಕೆಱೆ, ಸೆಱೆ. ತಮಿಳಿನಲ್ಲಿ ಇವೆರಡರ ಸ್ಥಾನದಲ್ಲಿ ಇರುವುದು ‘ಚಿಱೈ’ ಎಂಬ ಒಂದೇ ಪದ. ಅದಕ್ಕೆ ಬಂಧನ, ಕಾವಲು, ಸೆರೆಯಾಳು ಎಂಬ ಅರ್ಥಗಳ ಜೊತೆಗೆ ಒಡ್ಡು, ದಡ, ಜಲಾಶಯ ಎಂಬ ಅರ್ಥಗಳೂ ಇವೆ. ಮಲಯಾಳದ ‘ಚಿಱ’ ಎಂದರೆ ಅಣೆ, ಕೆರೆ. ತೆಲುಗಿನಲ್ಲಿ ‘ಚೆಱ’ ಎಂದರೆ ಸೆರೆ, ‘ಚೆಱುವು’ ಎಂದರೆ ಕೆರೆ. ಬರೋ ಮತ್ತು ಎಮೆನೋ ಅವರ ದ್ರಾವಿಡ ವ್ಯುತ್ಪತ್ತಿ ಕೋಶ ಈ ಎಲ್ಲವನ್ನೂ ಒಂದೇ ಕುಟುಂಬವಾಗಿ ಪರಿಗಣಿಸುತ್ತದೆ. ಮೂಲಧಾತುವಿನ ಅರ್ಥ ‘ತಡೆದು ನಿಲ್ಲಿಸು’ ಎಂದಿರಬೇಕು. ಹರಿವ ನೀರನ್ನು ತಡೆದು ನಿಲ್ಲಿಸಿದರೆ ಕೆರೆ. ನಡೆವ ಮನುಷ್ಯನನ್ನು ತಡೆದು ನಿಲ್ಲಿಸಿದರೆ ಸೆರೆ.

ಆದರೆ ಕನ್ನಡದಲ್ಲಿ ಒಂದರ ಆದಿಯಲ್ಲಿ ಕಕಾರ, ಇನ್ನೊಂದರ ಆದಿಯಲ್ಲಿ ಸಕಾರ ಏಕೆ? ಇ, ಎ ಸ್ವರಗಳ ಹಿಂದಿನ ಮೂಲದ್ರಾವಿಡ ಕಕಾರವು ತಮಿಳು, ಮಲಯಾಳ, ತೆಲುಗುಗಳಲ್ಲಿ ತಾಲವ್ಯವಾಗಿ ಚಕಾರವಾಯಿತು. ಕನ್ನಡ ಅದನ್ನು ಹಾಗೆಯೇ ಉಳಿಸಿಕೊಂಡಿತು. ಕನ್ನಡದ ಕಿವಿ ತಮಿಳಿನಲ್ಲಿ ಚೆವಿ, ಕೇರಿ ಚೇರಿ, ಕಿಱಿದು ಚಿಱಿದು. ಈ ನಿಯಮದಂತೆ ಕನ್ನಡಕ್ಕೆ ಸಹಜವಾದ ರೂಪ ‘ಕೆಱೆ’ ಮಾತ್ರ. ‘ಸೆಱೆ’ಯಲ್ಲಿರುವುದು ಕನ್ನಡದ ಒಳಗೆ ನಡೆಯದ ಧ್ವನಿವ್ಯತ್ಯಾಸ, ಆದುದರಿಂದ ಅದು ನೆರೆಯ ಭಾಷೆಯೊಂದರಿಂದ ಬಂದಿತೆಂದು ಊಹಿಸುವುದೇ ಯುಕ್ತ. ಊಹೆ ಸರಿಯಾದರೆ ಅದರ ಫಲಿತಾರ್ಥ ಸ್ವಾರಸ್ಯಕರವಾದುದು: ನೀರನ್ನು ಹಿಡಿದಿಡುವ ಮಾತು ಮನೆಯದು, ಮನುಷ್ಯನನ್ನು ಹಿಡಿದಿಡುವ ಮಾತು ಹೊರಗಿನದು.

ಸೆರೆಮನೆಯ ಇತರ ಹೆಸರುಗಳ ಚರಿತ್ರೆಯೂ ಇದಕ್ಕೆ ಹೊಂದುತ್ತದೆ. ಕಾರಾಗೃಹ ಸಂಸ್ಕೃತದ್ದು, ಬಂದೀಖಾನೆಯ ‘ಖಾನೆ’ ಪಾರಸಿಯದು, ಜೈಲು ಇಂಗ್ಲಿಷಿನದು. ಉತ್ತರ ಕರ್ನಾಟಕದಲ್ಲಿ ಬಳಕೆಯಲ್ಲಿದ್ದ ‘ತುರಂಗ’ ಕುದುರೆಯಲ್ಲ. ಪೋರ್ಚುಗೀಸರ ‘ತ್ರೋಂಕು’ ಎಂಬ ಪದ ಮರಾಠಿಯ ಮೂಲಕ ಹಾದು ಬಂದು ಪಡೆದ ರೂಪ ಅದು. ಆಳುವವರು ಬದಲಾದಂತೆಲ್ಲ ಕೂಡಿಹಾಕುವ ಕೋಣೆಯ ಹೆಸರೂ ಬದಲಾಗಿದೆ. ಕೆರೆಯ ವಿಷಯದಲ್ಲಿ ಹೀಗಾಗಲಿಲ್ಲ. ಏರಿ, ತೂಬು, ಕೋಡಿ, ಕಟ್ಟೆ, ಒಡ್ಡು, ಮದಗ — ಅದರ ಅಂಗಾಂಗಗಳ ಹೆಸರುಗಳು ಶಾಸನಗಳ ಕಾಲದಿಂದ ಇಂದಿನವರೆಗೆ ರೈತರ ನಾಲಗೆಯ ಮೇಲೆ ಉಳಿದುಬಂದಿವೆ.

ವೀರಗಲ್ಲುಗಳ ಭಾಷೆ ಇಲ್ಲಿ ಇನ್ನೊಂದು ಸಾಕ್ಷ್ಯವನ್ನು ಒದಗಿಸುತ್ತದೆ. ದನಗಳ ಅಪಹರಣವನ್ನು ಅವು ‘ತುಱುಗೊಳ್’ ಎನ್ನುತ್ತವೆ. ಹೆಂಗಸರ ಅಪಹರಣದ ಸಂದರ್ಭದ ಹೋರಾಟವನ್ನು ‘ಪೆಣ್ಬುಯ್ಯಲ್’ ಎನ್ನುತ್ತವೆ. ಪುಯ್ಯಲ್ ಎಂದರೆ ಕೂಗು, ಮೊರೆ. ಇಂದಿನ ‘ಹುಯ್ಯಲು’ ಅದೇ. ಮೊದಲ ಪದ ಕೊಂಡೊಯ್ದವನ ಕೃತ್ಯವನ್ನು ಹೇಳಿದರೆ ಎರಡನೆಯದು ಒಯ್ಯಲ್ಪಟ್ಟವರ ದನಿಯನ್ನು ಕೇಳಿಸುತ್ತದೆ. ಆ ದನಿ ಕೇಳಿ ಓಡಿಹೋಗಿ ಮಡಿದವನ ಹೆಸರು ಕಲ್ಲಿನ ಮೇಲಿರುತ್ತದೆ. ಕೂಗಿದವಳ ಹೆಸರನ್ನು ಅಲ್ಲಿ ಹುಡುಕುವವರಿಗೆ ಬಹುಮಟ್ಟಿಗೆ ನಿರಾಶೆಯೇ ಗತಿ. ಇಂದು ಚಿರತೆ ಸೆರೆಯಾಗುತ್ತದೆ, ಛಾಯಾಗ್ರಾಹಕ ಸೂರ್ಯಾಸ್ತವನ್ನು ಸೆರೆಹಿಡಿಯುತ್ತಾನೆ. ಶಕಟರೇಫೆ ಅಳಿದ ಮೇಲೆ ರಕ್ತನಾಳವೆಂಬ ಅರ್ಥದ ‘ಸೆರೆ’ಯೂ ಹೆಂಡವೆಂಬ ಅರ್ಥದ ‘ಸೆರೆ’ಯೂ ಇದರೊಡನೆ ಬೆರೆತು, ಪದದ ಹಳೆಯ ಭಾರ ಹಗುರವಾಗಿದೆ.

ಇಕ್ಕಟ್ಟಾದ ಜಾಗವನ್ನು ಸೂಚಿಸುವ ಪದಗಳೂ ಇದೇ ದಾರಿಯಲ್ಲಿ ನಡೆದಿವೆ. ಸಂಸ್ಕೃತದಲ್ಲಿ ‘ಸಂಕಟ’ ಎಂದರೆ ಮೊದಲಿಗೆ ಕಿರಿದಾದುದು, ಒತ್ತೊತ್ತಾದುದು. ಬೆಟ್ಟಗಳ ನಡುವಣ ಕಿರುದಾರಿಗೂ ಅದೇ ಹೆಸರು. ನೋವು, ಆಪತ್ತು ಎಂಬ ಅರ್ಥಗಳು ಅನಂತರದವು. ಕನ್ನಡಿಗನು ಧರ್ಮಸಂಕಟ, ಪ್ರಾಣಸಂಕಟ, ಹೊಟ್ಟೆಸಂಕಟ ಎನ್ನುವಾಗ ಆ ಕಿರುದಾರಿ ಪೂರ್ತಿ ಮರೆಯಾಗಿದೆ. ‘ಇಕ್ಕಟ್ಟು’ ಮಾತ್ರ ಎರಡನ್ನೂ ಉಳಿಸಿಕೊಂಡಿದೆ: ಕೋಣೆಯೂ ಇಕ್ಕಟ್ಟು, ಮನುಷ್ಯ ಸಿಲುಕುವ ಪರಿಸ್ಥಿತಿಯೂ ಇಕ್ಕಟ್ಟು. ತೀರ ಕಿರಿದಾದ ಮನೆಯನ್ನು ‘ಕಿಷ್ಕಿಂಧೆ’ ಎನ್ನುವ ರೂಢಿಯಂತೂ ವಿಶಿಷ್ಟವಾದುದು. ರಾಮಾಯಣದ ಕಿಷ್ಕಿಂಧೆ ಸಮೃದ್ಧ ನಗರ, ಇಕ್ಕಟ್ಟಿನ ಬಿಲವಲ್ಲ. ಆದರೆ ಜನ ಕಿಷ್ಕಿಂಧೆಯೆಂದು ಗುರುತಿಸುವ ಹಂಪೆ-ಆನೆಗೊಂದಿಯ ಬಂಡೆಗಳ ಸಂದುಗೊಂದುಗಳಲ್ಲಿ ಒಮ್ಮೆ ನುಸುಳಿದವರಿಗೆ ಈ ಬಳಕೆ ವಿಚಿತ್ರವೆನಿಸದು.

ಇದೇ ಹಂಪೆಯ ಪದ್ಯದಲ್ಲಿ ತಾಯಿ ಹೇಳುವ ಮತ್ತೊಂದು ಮಾತು, ಮಿತ್ರರಿಗೆ ‘ಇಂಬು’ ಮಾಡು ಎಂಬುದು. ಇಂಬು ಎಂದರೆ ಆಶ್ರಯವೆಂದಷ್ಟೇ ಬರೆದುಕೊಳ್ಳುವ ವಿದ್ಯಾರ್ಥಿ ಅದರ ಮುಖ್ಯಾರ್ಥವಾದ ಎಡೆ, ಜಾಗ, ವಿಸ್ತಾರಗಳನ್ನು ಕಳೆದುಕೊಳ್ಳುತ್ತಾನೆ. ನೀರಿಗೆ ತಡೆ, ಸೆರೆಯವರಿಗೆ ಬಿಡುಗಡೆ, ಗೆಳೆಯರಿಗೆ ಎಡೆ. ಯಾವುದನ್ನು ಹಿಡಿದಿಡಬೇಕು, ಯಾರನ್ನು ಬಿಡಬೇಕು ಎಂಬ ವಿವೇಕವೇ ಆಕೆ ಎರೆದ ಹಾಲು.

ಹಿಡಿದಿಡಲು ಇಕ್ಕಟ್ಟೇ ಬೇಕು ಎಂಬುದನ್ನು ಕೆರೆ ಕಟ್ಟಿದವರು ಚೆನ್ನಾಗಿ ಬಲ್ಲರು. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ, ಅಂದರೆ ಶಾಂತಿಸಾಗರದ ಏರಿ ಎರಡು ಗುಡ್ಡಗಳ ನಡುವಣ ಕಿರಿದಾದ ಕಂಡಿಯಲ್ಲಿದೆ. ಅಲ್ಪ ಉದ್ದದ ಏರಿಯ ಹಿಂದೆ ಅಪಾರವಾದ ನೀರು. ಕೇರಳದ ಇಡುಕ್ಕಿಗೆ ಆ ಹೆಸರು ಬಂದುದೇ ‘ಇಡುಕ್ಕು’, ಅಂದರೆ ಇಕ್ಕಟ್ಟಾದ ಕಮರಿ ಎಂಬುದರಿಂದ. ಕುರವನ್, ಕುರತ್ತಿ ಎಂಬ ಎರಡು ಬೆಟ್ಟಗಳ ನಡುವಣ ಆ ಕಮರಿಯಲ್ಲಿಯೇ ಪೆರಿಯಾರ್ ನದಿಗೆ ಅಡ್ಡಲಾಗಿ ಕಮಾನಿನ ಅಣೆಕಟ್ಟು ನಿಂತಿತು. ‘ಕಟ್ಟು’ ಎಂಬ ಧಾತುವೂ ಹೀಗೆಯೇ ಇಬ್ಬಗೆಯದು: ಕೈ ಕಟ್ಟಿದರೆ ಬಂಧನ, ಮನೆ ಕಟ್ಟಿದರೆ ನಿರ್ಮಾಣ.

ಈ ಇಬ್ಬಗೆಯನ್ನು ತತ್ತ್ವದ ಮಟ್ಟದಲ್ಲಿ ನಿಷ್ಠುರವಾಗಿ ಚಿಂತಿಸಿದ್ದು ಜೈನ ಪರಂಪರೆ. ಅದರ ಪರಿಭಾಷೆಯೇ ನೀರಿನದು. ಆತ್ಮಕ್ಕೆ ಕರ್ಮ ಹರಿದುಬರುವುದು ಆಸ್ರವ, ಅಂಟಿ ನಿಲ್ಲುವುದು ಬಂಧ, ಒಳಹರಿವನ್ನು ಮುಚ್ಚುವುದು ಸಂವರ, ನಿಂತುದು ಕ್ರಮೇಣ ಕ್ಷಯಿಸುವುದು ನಿರ್ಜರೆ. ತತ್ತ್ವಾರ್ಥಸೂತ್ರದ 8ನೆಯ ಅಧ್ಯಾಯ ಬಂಧಕ್ಕೆ, 9ನೆಯದು ಸಂವರ-ನಿರ್ಜರೆಗಳಿಗೆ ಮೀಸಲು. ಉತ್ತರಾಧ್ಯಯನಸೂತ್ರದ 30ನೆಯ ಅಧ್ಯಯನ ನೇರವಾಗಿ ಕೆರೆಯ ಉಪಮೆಯನ್ನೇ ಕೊಡುತ್ತದೆ: ನೀರು ಬರುವ ದಾರಿಗಳನ್ನು ಮುಚ್ಚಿದ ದೊಡ್ಡ ಕೆರೆ, ಇದ್ದ ನೀರನ್ನು ಎತ್ತಿದಂತೆಯೂ ಬಿಸಿಲಿಗೆ ಕಾಯ್ದಂತೆಯೂ ಬತ್ತುವ ಹಾಗೆ, ಸಂಯಮಿಯ ಕರ್ಮ ತಪಸ್ಸಿನಿಂದ ಬತ್ತುತ್ತದೆ. ರೈತನಿಗೆ ತುಂಬಿದ ಕೆರೆ ಭಾಗ್ಯ. ಮುನಿಗೆ ಬತ್ತಿದ ಕೆರೆ ಮೋಕ್ಷ. ಇಲ್ಲಿ ಕೆರೆ ಮತ್ತು ಸೆರೆ ಒಂದೇ ವಸ್ತುವಾಗಿಬಿಟ್ಟಿವೆ. ಬಿಡುಗಡೆಗೆ ಸಾಧನವೂ ತಡೆಯೇ. ಮನ, ವಚನ, ಕಾಯಗಳ ನಿಗ್ರಹಕ್ಕೆ ‘ಗುಪ್ತಿ’ ಎಂಬ ಹೆಸರಿದೆ. ಅದರ ಧಾತ್ವರ್ಥ ರಕ್ಷಣೆ. ತಾನೇ ಹಾಕಿಕೊಂಡ ಕಟ್ಟು ಕಾವಲಾಗುತ್ತದೆ. ಪರಮ ಇಕ್ಕಟ್ಟಿನ ಕಲ್ಪನೆಯೂ ಈ ಪರಂಪರೆಯದೇ: ನಿಗೋದದಲ್ಲಿ ಅನಂತ ಜೀವಗಳು ಒಂದೇ ಶರೀರವನ್ನು ಹಂಚಿಕೊಂಡು, ಉಸಿರನ್ನೂ ಆಹಾರವನ್ನೂ ಒಟ್ಟಾಗಿಯೇ ಕೊಳ್ಳುತ್ತವೆ.

ಆದರೆ ತಾನೇ ಹಾಕಿಕೊಳ್ಳದ ಕಟ್ಟಿನ ಮಾತು ಬೇರೆ. ‘ಕೆರೆಗೆ ಹಾರ’ ಎಂಬ ಜನಪದ ಕಥನಗೀತದಲ್ಲಿ ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ. ಹನಿ ನೀರು ಬರುವುದಿಲ್ಲ. ಕಿರಿಯ ಸೊಸೆ ಭಾಗೀರಥಿಯನ್ನು ಬಲಿಕೊಡಬೇಕೆಂದು ನಿರ್ಧಾರವಾಗುತ್ತದೆ. ಈ ಗೀತದಲ್ಲಿ ಬೇಡಿಯಿಲ್ಲ, ಬಾಗಿಲಿಲ್ಲ, ಕಾವಲುಗಾರನಿಲ್ಲ. ಆಕೆ ತವರಿಗೆ ಹೋಗುತ್ತಾಳೆ. ಅಲ್ಲಿಯೇ ಉಳಿಯಬಹುದಿತ್ತು, ಆದರೂ ಮರಳುತ್ತಾಳೆ. ಇದನ್ನು ತ್ಯಾಗವೆಂದು ಹೊಗಳುವ ವ್ಯಾಖ್ಯಾನಗಳು ಆಕೆಗೆ ಎಲ್ಲಿಯೂ ಇಂಬು ಇರಲಿಲ್ಲವೆಂಬುದನ್ನು ಗಮನಿಸುವುದಿಲ್ಲ. ಗಂಡ ದಂಡಿನಲ್ಲಿದ್ದಾನೆ, ಮಾವನ ಮಾತು ಆಗಿಹೋಗಿದೆ, ಹೆತ್ತವರಿಗೆ ವಿಷಯ ಹೇಳಲಾಗದು. ಪೂಜೆ ಮುಗಿಸಿ ಹಿಂದಿರುಗುವಾಗ ಮರೆತುಬಂದ ಬಂಗಾರದ ಬಟ್ಟಲನ್ನು ತರಲು ಆಕೆಯೇ ಮತ್ತೆ ಕೆರೆಗೆ ಇಳಿಯುತ್ತಾಳೆ. ಒಂದೊಂದು ಮೆಟ್ಟಿಲು ಏರಿದಂತೆ ನೀರೂ ಏರುತ್ತದೆ. ಊರಿಗೆ ಕೆರೆಯಾದುದು ಆಕೆಯೊಬ್ಬಳಿಗೆ ಸೆರೆಯಾಗುತ್ತದೆ. ದಂಡಿನಿಂದ ಬಂದ ಗಂಡ ಮಾದೇವರಾಯ ಮನೆಯಲ್ಲಿ ಹೆಂಡತಿಯನ್ನು ಕೇಳುತ್ತಾನೆ. ಆಕೆ ತವರಿಗೆ ಹೋದಳು, ಗೆಳತಿಯ ಮನೆಗೆ ಹೋದಳು ಎಂಬ ಉತ್ತರಗಳು ಬರುತ್ತವೆ. ಎರಡೂ ಕಡೆ ಹುಡುಕಿ, ನಿಜ ತಿಳಿದು, ಅವನು ಅದೇ ಕೆರೆಗೆ ಹಾರುತ್ತಾನೆ.