ಯಂತ್ರಕ್ಕೆ ಬುದ್ಧಿಯುಂಟೆ?

ಹೊಸೂರು ಇಂದು ಯಂತ್ರಗಳ ಊರು. ೧೯೮೦ರ ದಶಕದಿಂದ ಇಲ್ಲಿ ಕೈಗಡಿಯಾರಗಳೂ ದ್ವಿಚಕ್ರ ವಾಹನಗಳೂ ತಯಾರಾಗುತ್ತಿವೆ. ಕೈಯ ಕೆಲಸವನ್ನು ಯಂತ್ರವು ವಹಿಸಿಕೊಂಡುದನ್ನು ನಾವೆಲ್ಲರೂ ಕಂಡಿದ್ದೇವೆ. ತಲೆಯ ಕೆಲಸವನ್ನೂ ಅದು ವಹಿಸಿಕೊಳ್ಳಬಲ್ಲುದೆ ಎಂಬುದು ಈಗಿನ ಪ್ರಶ್ನೆ. ಇದಕ್ಕೆ ಉತ್ತರ ಅರಸುವವರು ಗಣಿತದ ಇತಿಹಾಸವನ್ನು ಒಮ್ಮೆ ತಿರುವಿ ನೋಡುವುದು ಒಳ್ಳೆಯದು.

ಲೆಕ್ಕ ಮಾಡುವುದೇ ಬುದ್ಧಿಯೆಂದಾದರೆ ಈ ವಾದವು ಎಂದೋ ಮುಗಿದಿದೆ. ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾದೇವಿಯವರು ೧೯೮೦ರ ಜೂನ್ ೧೮ರಂದು ಲಂಡನ್ನಿನಲ್ಲಿ, ೧೩ ಅಂಕಿಗಳ ಎರಡು ಸಂಖ್ಯೆಗಳನ್ನು ಮನಸ್ಸಿನಲ್ಲಿಯೇ ೨೮ ಸೆಕೆಂಡುಗಳಲ್ಲಿ ಗುಣಿಸಿ ಲೋಕವನ್ನು ಬೆರಗುಗೊಳಿಸಿದರು. ಇಂದು ಜೇಬಿನಲ್ಲಿರುವ ಫೋನು ಕಣ್ಣು ಮಿಟುಕಿಸುವುದರೊಳಗಾಗಿ ಅಂತಹ ಲೆಕ್ಕವನ್ನು ಮುಗಿಸುತ್ತದೆ. ಆದರೂ ಅದನ್ನು ಯಾರೂ ಮೇಧಾವಿಯೆಂದು ಕರೆಯುವುದಿಲ್ಲ.

ಹಾಗಾದರೆ ಬುದ್ಧಿಯೆಂದರೆ ಯಾವುದು? ಕ್ರಿ.ಶ. ೮೫೦ರ ಸುಮಾರಿಗೆ, ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ರಚಿಸಿದನು. ಋಣಸಂಖ್ಯೆಯು ಸ್ವಭಾವತಃ ವರ್ಗವಲ್ಲ, ಆದುದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಅವನು ಸ್ಪಷ್ಟವಾಗಿ ಹೇಳಿದನು. ಅಂದಿನ ನಿಯಮಗಳೊಳಗೆ ಆ ಮಾತು ನಿರ್ದುಷ್ಟವಾದುದು. ಏಳು ಶತಮಾನಗಳ ತರುವಾಯ ಇಟಲಿಯ ಬೊಂಬೆಲ್ಲಿಗೆ ಒಂದು ಘನಸಮೀಕರಣ ಎದುರಾಯಿತು. ಅದರ ಉತ್ತರ ೪ ಎಂಬುದು ಕಣ್ಣಿಗೆ ಕಾಣುತ್ತಿತ್ತು. ಆದರೆ ಸೂತ್ರದ ನಡುವೆ ಋಣ ೧೨೧ರ ವರ್ಗಮೂಲವು ಅಡ್ಡ ಬಂದಿತು. ಅವನು ಅಲ್ಲಿಗೆ ನಿಲ್ಲಲಿಲ್ಲ. ಇಲ್ಲದ ಆ ಮೂಲಗಳನ್ನೇ ಕೂಡುವ, ಗುಣಿಸುವ ನಿಯಮಗಳನ್ನು ಕಲ್ಪಿಸಿ ೧೫೭೨ರಲ್ಲಿ ಪ್ರಕಟಿಸಿದನು. ಇಂದು ವಿದ್ಯುತ್ತಿನ ಎಂಜಿನಿಯರುಗಳಿಗೆ ಆ ಸಂಖ್ಯೆಗಳು ನಿತ್ಯದ ಉಪಕರಣಗಳಾಗಿವೆ.

ಯಂತ್ರಕ್ಕೆ ಹೊಸತು ಹೊಳೆಯುವುದೇ ಇಲ್ಲವೆಂಬ ಮಾತು ಈಗ ನಿಲ್ಲುವಂತಿಲ್ಲ. ೨೦೧೬ರಲ್ಲಿ 'ಗೋ' ಎಂಬ ಹಲಗೆಯಾಟದಲ್ಲಿ ಆಲ್ಫಾಗೋ ಯಂತ್ರವು ಕೊರಿಯದ ಲೀ ಸೆಡೋಲನನ್ನು ಸೋಲಿಸಿತು. ಎರಡನೆಯ ಪಂದ್ಯದ ೩೭ನೆಯ ನಡೆಯನ್ನು ಮೊದಲು ತಪ್ಪೆಂದು ಶಂಕಿಸಿದ ಬಲ್ಲವರು ಬಳಿಕ ತಲೆದೂಗಿದರು. ೨೦೨೫ರ ಅಂತಾರಾಷ್ಟ್ರೀಯ ಗಣಿತ ಒಲಿಂಪಿಯಾಡಿನ ೬ ಪ್ರಶ್ನೆಗಳಲ್ಲಿ ೫ನ್ನು ಗೂಗಲ್ ಸಂಸ್ಥೆಯ ಯಂತ್ರವು ಬಿಡಿಸಿತು. ಅದು ಬಿಡಿಸಲಾರದ ಆರನೆಯದನ್ನು ಕೆಲವೇ ವಿದ್ಯಾರ್ಥಿಗಳು ಬಿಡಿಸಿದರು. ಆದರೆ ಆಟವನ್ನೂ ಪ್ರಶ್ನೆಗಳನ್ನೂ ಮುಂದಿಟ್ಟವರು ಮನುಷ್ಯರೇ. ನಿಯಮವೇ ಸಾಲದೆಂದು ಕಂಡು ಅದನ್ನು ವಿಸ್ತರಿಸಿದ ಬೊಂಬೆಲ್ಲಿಯ ಧೈರ್ಯವು ಯಂತ್ರಕ್ಕೆ ಮುಂದೆ ಬಂದೀತೋ ಬಾರದೋ, ಈಗಲೇ ತೀರ್ಪು ಕೊಡುವ ಆತುರ ಬೇಡ.

ನಮ್ಮ ಗಡಿನಾಡಿನ ಶಾಲೆಗಳಿಗೆ ಇದರಲ್ಲೊಂದು ಪಾಠವುಂಟು. ಬಾಯಿಪಾಠದಲ್ಲಷ್ಟೇ ಮಕ್ಕಳನ್ನು ಪಳಗಿಸಿದರೆ, ಯಂತ್ರವು ಈಗಾಗಲೇ ಗೆದ್ದಿರುವ ಪಂದ್ಯಕ್ಕೆ ಅವರನ್ನು ಕಳುಹಿಸಿದಂತಾಗುವುದು. ಮಗ್ಗಿ ಬೇಡವೆಂದಲ್ಲ, ನಿಯಮವನ್ನು ಅರಿಯದವನಿಗೆ ಅದರ ಕೊರತೆಯೂ ಕಾಣದು. ಆದರೆ "ಏಕೆ ಇಲ್ಲ?" ಎಂದು ಕೇಳುವ ಮಗುವನ್ನು ನಾವು ಗದರಿಸಿ ಕೂರಿಸಬಾರದು. ಅಂತಹ ಪ್ರಶ್ನೆ ಸಹಜವಾಗಿ ಮೂಡುವುದು ಮಗು ಮನೆಯಲ್ಲಿ ಆಡುವ ನುಡಿಯಲ್ಲಿ. ಹೊಸೂರು, ಕೃಷ್ಣಗಿರಿಗಳಲ್ಲಿ ಕನ್ನಡ ತರಗತಿಗಳು ಉಳಿಯಬೇಕೆಂದು ನಾವು ಬಯಸುವುದಕ್ಕೆ ಇದೂ ಒಂದು ಕಾರಣ.